ಎಡ ಲೀಡ್ ಹಿಡಿಯದ ಕುದುರೆ: ಕ್ಯಾಂಟರ್ ಶುರುವಾಗುವುದು ಹಿಂಗಾಲಿನಿಂದ

ಪ್ರಶ್ನೆ: ರೇಸ್‌ನಿಂದ ನಿವೃತ್ತಿಯಾದ 7 ವರ್ಷದ ಥರೋಬ್ರೆಡ್ ಗೆಲ್ಡಿಂಗ್ (ಬೀಜ ತೆಗೆಸಿದ ಗಂಡು ಕುದುರೆ) ಒಂದನ್ನು ಕಳೆದ ವರ್ಷ ಮೈಸೂರಿನ ಹೊರವಲಯದ ನಮ್ಮ ತೋಟಕ್ಕೆ ತಂದುಕೊಂಡಿದ್ದೇನೆ. ಅದು ಓಡಿದ್ದೆಲ್ಲ ಬಲ ತಿರುವಿನ ಟ್ರ್ಯಾಕ್‌ನಲ್ಲಿ. ಬಲಕ್ಕೆ ಸುತ್ತುವಾಗ ಕ್ಯಾಂಟರ್ ಅನ್ನು, ಅಂದರೆ ಗ್ಯಾಲಪ್‌ಗಿಂತ ನಿಧಾನವಾದ ಓಟವನ್ನು, ಸರಿಯಾದ ಲೀಡ್‌ನಲ್ಲೇ (ಒಳಬದಿಯ ಮುಂಗಾಲು ಮುಂದೆ ಚಾಚುವಂತೆ) ಹಿಡಿಯುತ್ತದೆ. ಎಡಕ್ಕೆ ಸುತ್ತುವಾಗ ಹೆಚ್ಚಿನ ಸಲ ಬಲ ಲೀಡ್ ಹಿಡಿಯುತ್ತದೆ. ಒಮ್ಮೊಮ್ಮೆ ಮುಂಗಾಲಿನಲ್ಲಿ ಎಡ, ಹಿಂಗಾಲಿನಲ್ಲಿ ಬಲ ಎಂಬಂತೆ ಹೊಯ್ದಾಡುತ್ತ ಓಡುತ್ತದೆ. ತಲೆಯನ್ನು ಹೊರಗೆಳೆದು ಮೂಲೆಯಲ್ಲಿ ಚಾಟಿ ಮುಟ್ಟಿಸಿ ಎಂದು ಒಬ್ಬ ತರಬೇತುದಾರರು ಹೇಳಿದರು. ಹಾಗೆ ಮಾಡಿದಾಗ ಕೆಲವು ಸಲ ಎಡ ಲೀಡ್ ಬರುತ್ತದೆ, ಆದರೆ ಕುದುರೆ ಗಾಬರಿಗೊಂಡು ಟ್ರಾಟ್‌ನಲ್ಲೇ (ಕ್ಯಾಂಟರ್‌ಗಿಂತ ನಿಧಾನವಾದ, ಎರಡು ತಾಳದ ಓಟದಲ್ಲೇ) ಓಟ ಕೀಳುತ್ತದೆ. ಸರಿಯಾದ ಕ್ರಮ ಯಾವುದು?

ಉತ್ತರ: ನಿಮ್ಮ ಕುದುರೆಗೆ ಎಡ ಲೀಡ್ ಗೊತ್ತಿಲ್ಲ ಎಂದು ನಾನು ತಿಳಿಯುವುದಿಲ್ಲ. ರೇಸ್ ಕುದುರೆಯು ತಿರುವಿನಲ್ಲಿ ಒಳಬದಿಯ ಲೀಡ್‌ನಲ್ಲಿ ಓಡಿ, ನೇರ ಹಾದಿಗೆ ಬಂದಾಗ ದಣಿದ ಕಾಲುಗಳ ಮೇಲಿನ ಹೊರೆ ಇಳಿಸಿಕೊಳ್ಳಲು ಇನ್ನೊಂದು ಲೀಡ್‌ಗೆ ಬದಲಾಯಿಸಿಕೊಳ್ಳುವುದನ್ನು ಕಲಿತಿರುತ್ತದೆ. ಅಂದರೆ ಬಲ ತಿರುವಿನ ಟ್ರ್ಯಾಕ್‌ನಲ್ಲಿ ಓಡಿದ ಕುದುರೆಯೂ ಎಡ ಲೀಡ್‌ನಲ್ಲಿ ಎಷ್ಟೋ ಸಲ ಓಡಿರುತ್ತದೆ. ಆದರೆ ಅದು ನೇರ ಹಾದಿಯಲ್ಲಿ, ಗ್ಯಾಲಪ್‌ನ ವೇಗದಲ್ಲಿ, ಜೀನಿನಿಂದ ಮೇಲೆದ್ದು ಮುಂದಕ್ಕೆ ಬಾಗಿದ ಜಾಕಿಯನ್ನು ಹೊತ್ತು. ಅದಕ್ಕೆ ರೂಢಿಯಿಲ್ಲದಿರುವುದು ಎಡ ತಿರುವಿನಲ್ಲಿ, ನಿಧಾನ ಗತಿಯಲ್ಲಿ, ಬೆನ್ನ ಮೇಲೆ ಪೂರ್ತಿ ಕುಳಿತ ಸವಾರನನ್ನು ಹೊತ್ತು ಟ್ರಾಟ್‌ನಿಂದ ಎಡ ಲೀಡ್‌ಗೆ ಏಳುವುದು. ಆದ್ದರಿಂದ ನಿಮ್ಮ ಮುಂದಿರುವುದು ಹಟಮಾರಿ ಕುದುರೆಯನ್ನು ಬಗ್ಗಿಸುವ ಕೆಲಸವಲ್ಲ. ಬಲ ಹಿಂಗಾಲಿಗೆ ಶಕ್ತಿಯನ್ನೂ ಇಡೀ ಮೈಗೆ ಸಮತೋಲನವನ್ನೂ ತಂದುಕೊಡುವ ಕೆಲಸ.

ಎಡ ಲೀಡ್ ವಿಷಯದಲ್ಲಿ ಬಲ ಹಿಂಗಾಲಿನ ಮಾತು ಏಕೆ ಬಂತು ಎಂಬುದನ್ನು ಮೊದಲು ಬಿಡಿಸಿ ಹೇಳುತ್ತೇನೆ, ಏಕೆಂದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಕ್ಯಾಂಟರ್ ಮೂರು ತಾಳದ ನಡಿಗೆ. ಎಡ ಲೀಡ್‌ನಲ್ಲಿ ಮೊದಲು ನೆಲ ಮುಟ್ಟುವುದು ಬಲ ಹಿಂಗಾಲು. ಎರಡನೆಯ ತಾಳಕ್ಕೆ ಎಡ ಹಿಂಗಾಲು ಮತ್ತು ಬಲ ಮುಂಗಾಲು ಜೊತೆಯಾಗಿ ಇಳಿಯುತ್ತವೆ. ಮೂರನೆಯದಕ್ಕೆ ಎಡ ಮುಂಗಾಲು ಎಲ್ಲಕ್ಕಿಂತ ಮುಂದೆ ಚಾಚಿ ಇಳಿಯುತ್ತದೆ. ಆಮೇಲೆ ನಾಲ್ಕೂ ಕಾಲುಗಳು ನೆಲ ಬಿಟ್ಟಿರುವ ಒಂದು ಕ್ಷಣ ಬರುತ್ತದೆ. ಬಲ ಲೀಡ್‌ನಲ್ಲಿ ಇದೇ ಕ್ರಮ ಎಡ–ಬಲ ಅದಲುಬದಲಾಗಿ ನಡೆಯುತ್ತದೆ. ಸವಾರನ ಕಣ್ಣಿಗೆ ಬೀಳುವುದು ಮುಂದೆ ಚಾಚುವ ಮುಂಗಾಲು, ಲೀಡ್ ಎಂಬ ಹೆಸರು ಬಂದಿರುವುದೂ ಅದರಿಂದಲೇ. ಆದರೆ ಆ ಮುಂಗಾಲು ಚಾಚುವ ಹೊತ್ತಿಗೆ ತೀರ್ಮಾನ ಆಗಿಹೋಗಿರುತ್ತದೆ. ಮೊದಲ ತಾಳದಲ್ಲಿ ಯಾವ ಹಿಂಗಾಲು ಮೈಯ ಕೆಳಗೆ ಬಂದು, ಸವಾರನೂ ಸೇರಿದ ಇಡೀ ಭಾರವನ್ನು ಒಂಟಿಯಾಗಿ ಹೊತ್ತು ಮೇಲಕ್ಕೆ ತಳ್ಳಿತು ಎಂಬುದೇ ಲೀಡನ್ನು ನಿರ್ಧರಿಸುತ್ತದೆ. ಥರೋಬ್ರೆಡ್ ಒಂದರ ತೂಕ ಸುಮಾರು 450ರಿಂದ 500 ಕಿಲೋ. ಬಲ ಹಿಂಗಾಲು ಅಷ್ಟನ್ನು ಹೊರಲು ಹಿಂಜರಿದರೆ ಕುದುರೆ ತನ್ನ ನಂಬಿಕೆಯ ಎಡ ಹಿಂಗಾಲನ್ನು ಮುಂದೆ ಮಾಡುತ್ತದೆ, ಬಲ ಲೀಡ್ ತಾನಾಗಿ ಬರುತ್ತದೆ.

ಹಿಂಜರಿಕೆಗೆ ಮೊದಲ ಕಾರಣವಾಗಿ ನೋವನ್ನೇ ಶಂಕಿಸಬೇಕು. ತರಬೇತಿಯ ಮಾತು ಆಮೇಲೆ. ನೀವು ಬರೆದಿರುವುದರಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ತಪ್ಪು ಲೀಡ್ ಅಲ್ಲ, ಮುಂದೆ ಒಂದು ಹಿಂದೆ ಒಂದು ಎಂಬಂತೆ ಓಡುತ್ತದೆ ಎಂಬ ಸಾಲು. ಮುಂಗಾಲುಗಳು ಎಡ ಲೀಡ್ ಹಿಡಿದಿದ್ದರೂ ಹಿಂಗಾಲುಗಳು ಬಲ ಲೀಡ್‌ನಲ್ಲೇ ಉಳಿದಿವೆ ಎಂದರೆ, ಸೂಚನೆ ಕುದುರೆಗೆ ತಲುಪಿದೆ, ಅದು ಪಾಲಿಸಲೂ ಹೊರಟಿದೆ, ಹಿಂಭಾಗ ಮಾತ್ರ ಜೊತೆ ಕೊಡುತ್ತಿಲ್ಲ. ಆಗೊಮ್ಮೆ ಈಗೊಮ್ಮೆ ಹೀಗಾದರೆ ಅದು ಸಮತೋಲನ ತಪ್ಪಿದ ಲಕ್ಷಣವಷ್ಟೇ. ಪದೇ ಪದೇ ಒಂದೇ ದಿಕ್ಕಿನಲ್ಲಿ ಆಗುತ್ತಿದ್ದರೆ ಹಿಂಗಾಲಿನ ಹಾಕ್ ಕೀಲು, ಅದರ ಮೇಲಿನ ಸ್ಟೈಫಲ್ ಕೀಲು, ಬೆನ್ನುಮೂಳೆಯು ಸೊಂಟದ ಮೂಳೆಯನ್ನು ಸೇರುವ ಜಾಗ, ಈ ಮೂರನ್ನೂ ಕುದುರೆಗಳನ್ನು ನೋಡಿ ಪಳಗಿದ ಪಶುವೈದ್ಯರಿಗೆ ತೋರಿಸಲೇಬೇಕು. ಅವರು ಒಂದೊಂದೇ ಕೀಲನ್ನು ಸ್ವಲ್ಪ ಹೊತ್ತು ಮಡಿಸಿ ಹಿಡಿದು, ಬಿಟ್ಟ ಕೂಡಲೇ ಕುದುರೆಯನ್ನು ಟ್ರಾಟ್ ಮಾಡಿಸಿ ನೋಡುತ್ತಾರೆ. ನಡೆಯುವಾಗ ಕಾಣದ ಕುಂಟು ಆ ಪರೀಕ್ಷೆಯಲ್ಲಿ ಎಷ್ಟೋ ಸಲ ಹೊರಬೀಳುತ್ತದೆ. ಎಡ ಮುಂಗಾಲಿನ ಗೊರಸನ್ನೂ ನೋಡಿಸಿ, ಏಕೆಂದರೆ ಎಡ ಲೀಡ್‌ನ ಮೂರನೆಯ ತಾಳದ ಕೊನೆಯಲ್ಲಿ ಇಡೀ ಮೈ ಆ ಒಂದು ಕಾಲಿನ ಮೇಲೆಯೇ ದಾಟಿಹೋಗಬೇಕು.

ರೇಸ್‌ನಿಂದ ಬಂದ ಕುದುರೆಗಳಲ್ಲಿ ಗೊರಸಿನ ಮುಂತುದಿ ಉದ್ದವಾಗಿ ಬೆಳೆದು ಹಿಮ್ಮಡಿ ತಗ್ಗಾಗಿರುವುದು ಸಾಮಾನ್ಯ. ಅದನ್ನು ತಿದ್ದಲು ಲಾಳ ಕಟ್ಟುವವರಿಗೆ ಹಲವು ತಿಂಗಳು ಹಿಡಿಯುತ್ತದೆ. 4ರಿಂದ 6 ವಾರಕ್ಕೊಮ್ಮೆ ತಪ್ಪದೆ ಅವರನ್ನು ಕರೆಸಿ. ಜೀನಿನ ವಿಷಯವೂ ಇದೆ. ರೇಸ್ ಬಿಟ್ಟ ಮೇಲೆ ಕುದುರೆಯ ಬೆನ್ನಿನ ಸ್ನಾಯುಗಳ ಆಕಾರ ತಿಂಗಳುಗಳಲ್ಲೇ ಬದಲಾಗುವುದರಿಂದ, ತಂದ ಹೊಸದರಲ್ಲಿ ಸರಿಯಾಗಿ ಕೂತ ಜೀನು ಈಗ ಹೆಗಲ ಹಿಂದೆ ಒತ್ತುತ್ತಿರಬಹುದು. ಗರ್ತ್ (ಜೀನನ್ನು ಹಿಡಿದಿಡುವ ಹೊಟ್ಟೆಪಟ್ಟಿ) ಬಿಗಿಯುವಾಗ ಕಿವಿ ಹಿಂದಕ್ಕೊತ್ತಿ ಕಚ್ಚಲು ಬರುತ್ತದೆಯೇ, ನಿಮ್ಮ ಕಾಲು ಪಕ್ಕೆಗೆ ತಗುಲಿದ ಕೂಡಲೇ ಬಾಲ ಬೀಸುತ್ತದೆಯೇ ಎಂಬುದನ್ನೂ ಗಮನಿಸಿ ವೈದ್ಯರಿಗೆ ತಿಳಿಸಿ. ರೇಸ್ ತರಬೇತಿಯಲ್ಲಿದ್ದ ಥರೋಬ್ರೆಡ್‌ಗಳಲ್ಲಿ ಹೊಟ್ಟೆಹುಣ್ಣು ಬಹಳ. ಹಲ್ಲುಗಳ ಅಂಚು ಚೂಪಾಗಿದ್ದರೆ ಕಡಿವಾಣದ ಒಂದು ಬದಿಯನ್ನು ಕುದುರೆ ಒಪ್ಪಿಕೊಳ್ಳುವುದಿಲ್ಲ, ಆಗ ಕತ್ತು ಆ ಕಡೆಗೆ ಬಾಗುವುದೂ ಇಲ್ಲ.

ವೈದ್ಯರು ಬರುವ ಮೊದಲೇ ನೀವೊಂದು ಪರೀಕ್ಷೆ ಮಾಡಬಹುದು. ಸವಾರನಿಲ್ಲದೆ, ಜೀನಿಲ್ಲದೆ, ಬೇಲಿ ಹಾಕಿದ ಬಯಲಿನಲ್ಲಿ ಕುದುರೆಯನ್ನು ಬಿಟ್ಟು, ಅದು ತಾನಾಗಿ ಎಡಕ್ಕೆ ತಿರುಗಿ ಓಡುವಾಗ ಯಾವ ಲೀಡ್ ಹಿಡಿಯುತ್ತದೆ ನೋಡಿ. ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆದರೆ ಕೆಲಸ ಸುಲಭ: ನಾಲ್ಕೂ ಕಾಲು ನೆಲ ಬಿಟ್ಟ ಕ್ಷಣವನ್ನು ಹುಡುಕಿ, ಅದರ ನಂತರ ಮೊದಲು ಇಳಿಯುವ ಹಿಂಗಾಲು ಯಾವುದೆಂದು ನೋಡಿದರೆ ಸಾಕು. ಬಿಟ್ಟಾಗ ಸಲೀಸಾಗಿ ಎಡ ಲೀಡ್ ಹಿಡಿದು, ನೀವು ಹತ್ತಿದಾಗ ಮಾತ್ರ ಹಿಡಿಯದಿದ್ದರೆ ಕಾರಣವನ್ನು ಜೀನಿನಲ್ಲಿ, ಸವಾರನ ಕೂರುವಿಕೆಯಲ್ಲಿ, ಸೂಚನೆಯಲ್ಲಿ ಹುಡುಕಬೇಕು. ಬಿಟ್ಟಾಗಲೂ ಎಡ ತಿರುವಿನಲ್ಲಿ ಬಲ ಲೀಡನ್ನೇ ಹಿಡಿದರೆ ಅಥವಾ ಹಿಂಗಾಲುಗಳು ಬೇರೆಯಾಗಿ ಓಡಿದರೆ, ವೈದ್ಯರು ಸರಿ ಎನ್ನುವ ತನಕ ಕ್ಯಾಂಟರ್ ಪಾಠ ಬೇಡ. ನೋವಿರುವ ಕಾಲಿನ ಮೇಲೆ ಒತ್ತಾಯದ ಪಾಠ ಹೇರುವುದು ಅನ್ಯಾಯ, ಮತ್ತು ಅಂಥ ಪಾಠವನ್ನು ಕುದುರೆ ಬಹುಕಾಲ ಮರೆಯುವುದಿಲ್ಲ.

ಇನ್ನು ತರಬೇತುದಾರರು ಹೇಳಿದ ಉಪಾಯದ ವಿಚಾರ. ಅದು ಬಹಳ ಕಡೆ ಬಳಕೆಯಲ್ಲಿರುವ ಉಪಾಯ, ಫಲವೇ ಇಲ್ಲದ್ದೂ ಅಲ್ಲ. ತಲೆಯನ್ನು ಹೊರಕ್ಕೆ ಎಳೆದಾಗ ಭಾರವು ಹೊರಗಿನ ಹೆಗಲಿಗೆ ಜಾರಿ, ಒಳಗಿನ ಹೆಗಲು ಹಗುರಾಗುತ್ತದೆ. ಆ ಗಳಿಗೆಯಲ್ಲಿ ಚಾಟಿ ತಗುಲಿದರೆ ಕುದುರೆ ಬೀಳದಂತೆ ಒಳಗಿನ ಮುಂಗಾಲನ್ನು ಮುಂದೆ ಚಾಚಿಬಿಡುತ್ತದೆ. ಹೀಗೆ ಸಿಗುವುದು ಮುಂಗಾಲಿನ ಲೀಡ್ ಮಾತ್ರ. ಹಿಂಗಾಲನ್ನು ನಾವು ಸಿದ್ಧಪಡಿಸಿಯೇ ಇರುವುದಿಲ್ಲ, ಹಾಗಾಗಿ ನೀವು ಹೇಳಿದ ಹೊಯ್ದಾಟವನ್ನು ಈ ಉಪಾಯವೇ ಹೆಚ್ಚಿಸುತ್ತಿರುವ ಸಾಧ್ಯತೆ ಇದೆ. ಇದಕ್ಕಿಂತ ದೊಡ್ಡ ನಷ್ಟವೆಂದರೆ, ಎಡಕ್ಕೆ ಕ್ಯಾಂಟರ್ ಎಂದರೆ ಕತ್ತು ತಿರುಚಿ, ಸಮತೋಲನ ಕಳೆದುಕೊಂಡು, ಪೆಟ್ಟು ತಿಂದು ಮುಂದಕ್ಕೆ ಬೀಳುವುದು ಎಂದು ಕುದುರೆ ಕಲಿಯುತ್ತದೆ. ಮೂಲೆ ಹತ್ತಿರವಾದಂತೆ ಅದು ಟ್ರಾಟ್‌ನಲ್ಲೇ ಓಟ ಕೀಳುವುದು ಆ ಕಲಿಕೆಯ ಫಲ. ಇಂದಿನಿಂದಲೇ ಅದನ್ನು ನಿಲ್ಲಿಸಿ ಎಂದು ಸ್ಪಷ್ಟವಾಗಿ ಹೇಳುತ್ತೇನೆ.

ರೇಸ್ ಕುದುರೆಯ ಇನ್ನೊಂದು ರೂಢಿಯನ್ನೂ ನೆನಪಿನಲ್ಲಿಡಬೇಕು. ಜಾಕಿಯ ರಿಕಾಪು ಬಹಳ ಗಿಡ್ಡ. ಅವನ ಕಾಲು ಕುದುರೆಯ ಪಕ್ಕೆಯನ್ನು ಸುತ್ತಿ ಹಿಡಿದಿರುವುದಿಲ್ಲ. ಸವಾರನ ಹೊರಬದಿಯ ಕಾಲು ಗರ್ತ್‌ನ ಹಿಂದೆ ತಗುಲಿದರೆ ಕ್ಯಾಂಟರ್ ಎಂಬ ಸೂಚನೆಯನ್ನು ನಿಮ್ಮ ಕುದುರೆಗೆ ಯಾರೂ ಕಲಿಸಿಲ್ಲದಿರಬಹುದು. ಜೊತೆಗೆ ಲಗಾಮು ಬಿಗಿದಷ್ಟೂ ಅದರ ಮೇಲೆ ಭಾರ ಹಾಕಿ ವೇಗ ಹೆಚ್ಚಿಸುವುದು ಅದು ಟ್ರ್ಯಾಕ್‌ನಲ್ಲಿ ಕಲಿತದ್ದು. ಗಾಬರಿಯಲ್ಲಿ ನೀವು ಲಗಾಮು ಹಿಡಿದೆಳೆದರೆ ಅದಕ್ಕೆ ಕೇಳಿಸುವುದು ಓಡು ಎಂದೇ.

ಆದ್ದರಿಂದ ಮೊದಲ ಎರಡು ಮೂರು ವಾರ ಸವಾರಿಯಲ್ಲಿ ಕ್ಯಾಂಟರ್ ಮಾತನ್ನೇ ಎತ್ತದೆ, ವಾಕ್ ಮತ್ತು ಟ್ರಾಟ್‌ನಲ್ಲಿ ಕಾಲಿನ ಸೂಚನೆಯನ್ನು ಕಲಿಸಿ. ವಾಕ್‌ನಲ್ಲಿ ನಿಮ್ಮ ಎಡಗಾಲು ಗರ್ತ್‌ನ ಬಳಿ ಒತ್ತಿದಾಗ ಕುದುರೆ ಬಲಕ್ಕೆ ಅಡ್ಡಹೆಜ್ಜೆ ಹಾಕಬೇಕು. ಬಲಗಾಲು ಒಂದಂಗೈ ಅಗಲ ಹಿಂದೆ ಒತ್ತಿದಾಗ ಹಿಂಭಾಗವನ್ನು ಎಡಕ್ಕೆ ಸರಿಸಬೇಕು. ಒಂದೆರಡು ಹೆಜ್ಜೆ ಸರಿದರೆ ಸಾಕು, ಕೂಡಲೇ ಒತ್ತಡ ಬಿಟ್ಟು ಕತ್ತು ತಟ್ಟಿ. ಬಲಗಾಲಿನ ಈ ಸೂಚನೆಯೇ ಮುಂದೆ ಎಡ ಲೀಡ್‌ನ ಸೂಚನೆಯಾಗಲಿದೆ, ಆದ್ದರಿಂದ ಅದು ಹೆದರಿಕೆಯಿಲ್ಲದೆ ಅರ್ಥವಾಗಿರಬೇಕು. ಟ್ರಾಟ್‌ನಲ್ಲಿ 20 ಮೀಟರ್ ಅಡ್ಡಳತೆಯ ವೃತ್ತದ ಮೇಲೆ ಟ್ರಾಟ್‌ನಿಂದ ವಾಕ್, ವಾಕ್‌ನಿಂದ ಟ್ರಾಟ್ ಎಂದು ಮತ್ತೆ ಮತ್ತೆ ಬದಲಾಯಿಸಿ; ಪ್ರತಿ ಬದಲಾವಣೆಯಲ್ಲೂ ಹಿಂಗಾಲು ಮೈಯ ಕೆಳಗೆ ಬಂದು ಭಾರ ಹೊರಬೇಕಾಗುತ್ತದೆ. ಇಳಿಜಾರನ್ನು ವಾಕ್‌ನಲ್ಲಿ ಹತ್ತಿಸುವುದು, ನೆಲದ ಮೇಲಿಟ್ಟ ಮರದ ದಂಡಗಳನ್ನು ಟ್ರಾಟ್‌ನಲ್ಲಿ ದಾಟಿಸುವುದು, ಇವೆರಡೂ ಹಿಂಗಾಲಿಗೆ ಬಲ ತರುವ ಒಳ್ಳೆಯ ವ್ಯಾಯಾಮಗಳು. ಚಾಮುಂಡಿ ಬೆಟ್ಟದ ಸುತ್ತಲಿನ ಸೀಮೆಯಲ್ಲಿ ಹದವಾದ ಏರು ಹುಡುಕಲು ನಿಮಗೆ ಕಷ್ಟವಾಗಲಾರದು.

ಲಂಜ್ ಹಗ್ಗದ (ನಡುವೆ ನಿಂತವರು ಹಿಡಿದು ಕುದುರೆಯನ್ನು ಸುತ್ತಲೂ ಓಡಿಸುವ ಉದ್ದ ಹಗ್ಗದ) ಮೇಲಿನ ಕೆಲಸ ಈ ಹಂತದಲ್ಲಿ ತುಂಬ ಉಪಯುಕ್ತ, ಏಕೆಂದರೆ ಸವಾರನ ಭಾರವಿಲ್ಲದೆ ಎಡ ತಿರುವಿನ ಕ್ಯಾಂಟರನ್ನು ಕುದುರೆ ತಾನೇ ಹುಡುಕಿಕೊಳ್ಳಬಹುದು. ಆದರೆ ಸಣ್ಣ ವೃತ್ತ ಬೇಡವೇ ಬೇಡ. ಕೀಲುಗಳು ತಿರುಚುತ್ತವೆ, ಕುದುರೆ ಒಳಕ್ಕೆ ವಾಲಿ ಓಡುವುದನ್ನು ಕಲಿಯುತ್ತದೆ. ಹಗ್ಗ 7–8 ಮೀಟರ್ ಇದ್ದರೆ ನೀವು ನಡುವೆ ನಿಂತಲ್ಲೇ ನಿಲ್ಲದೆ ಸಣ್ಣ ವೃತ್ತದಲ್ಲಿ ನಡೆಯುತ್ತಿದ್ದರೆ ಕುದುರೆಯ ವೃತ್ತ 20 ಮೀಟರ್ ಆಗುತ್ತದೆ. ಟ್ರಾಟ್ ಸಮ ತಾಳಕ್ಕೆ ಬಂದ ಮೇಲೆ, ವೃತ್ತವನ್ನು ಸ್ವಲ್ಪ ಒಳಗೆ ತಂದು, ಮತ್ತೆ ಹೊರಕ್ಕೆ ಸರಿಸುತ್ತ, ಹೊರಕ್ಕೆ ಸರಿಯುವ ಆ ಹೆಜ್ಜೆಗಳಲ್ಲೇ ಎಂದಿನ ಒಂದೇ ಧ್ವನಿಯಲ್ಲಿ ಕ್ಯಾಂಟರ್ ಎಂದು ಹೇಳಿ. ತಪ್ಪು ಲೀಡ್ ಬಂದರೆ ಗದರದೆ ಟ್ರಾಟ್‌ಗೆ ಇಳಿಸಿ. ಎರಡೂ ದಿಕ್ಕು ಸೇರಿ 15–20 ನಿಮಿಷ ಸಾಕು. ಇಲ್ಲಿ ಧ್ವನಿಗೆ ಒಗ್ಗಿದ್ದು ಮುಂದೆ ಸವಾರಿಯಲ್ಲಿ ನಿಮಗೆ ದೊಡ್ಡ ಆಸರೆಯಾಗುತ್ತದೆ.

ಈಗ ಸವಾರಿಯಲ್ಲಿ ಎಡ ಲೀಡ್ ಕೇಳುವ ರೀತಿ. ಟ್ರಾಟ್ ನಿಧಾನವಾಗಿ, ಸಮ ತಾಳದಲ್ಲಿ ಇರಬೇಕು. ಓಡುವ ಟ್ರಾಟ್‌ನಿಂದ ಕ್ಯಾಂಟರ್ ಕೇಳಬಾರದು ಎಂಬ ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿದರೆ ನಿಮ್ಮ ತೊಂದರೆಯ ಅರ್ಧ ಭಾಗ ಅಲ್ಲಿಗೇ ಕಳೆಯುತ್ತದೆ, ಏಕೆಂದರೆ ಓಡುವ ಕುದುರೆಯ ಭಾರವೆಲ್ಲ ಮುಂಗಾಲಿನ ಮೇಲಿರುತ್ತದೆ, ಹಿಂಗಾಲು ಹಿಂದೆಯೇ ಉಳಿದಿರುತ್ತದೆ. ಎಡ ಲಗಾಮಿನಿಂದ ಕುದುರೆಯ ಎಡಗಣ್ಣಿನ ಅಂಚು ಕಾಣುವಷ್ಟು ಮಾತ್ರ ತಲೆಯನ್ನು ಎಡಕ್ಕೆ ತಿರುಗಿಸಿ. ಬಲ ಲಗಾಮು ಸ್ಥಿರವಾಗಿದ್ದು, ಬಲ ಹೆಗಲು ಹೊರಕ್ಕೆ ಜಾರದಂತೆ ಎಲ್ಲೆ ಹಾಕಬೇಕು. ನಿಮ್ಮ ಎಡಗಾಲು ಗರ್ತ್‌ನ ಬಳಿ ಇದ್ದು, ಕುದುರೆ ಎಡ ಹೆಗಲಿನ ಮೇಲೆ ವಾಲದಂತೆ ನೋಡಿಕೊಳ್ಳಲಿ. ಎಡ ಕುಳಿತೆಲುಬು ಕೂದಲೆಳೆಯಷ್ಟು ಮುಂದೆ ಬರಲಿ. ಮೈ ಎಡಕ್ಕೆ ಬಾಗಬಾರದು. ಹಾಫ್ ಹಾಲ್ಟ್, ಅಂದರೆ ಬೆನ್ನು ನೆಟ್ಟಗೆ ಮಾಡಿ ಬಲ ಲಗಾಮನ್ನು ಒಂದು ಹೆಜ್ಜೆಯ ಕಾಲ ತಡೆದು ಬಿಡುವ ಸೂಚನೆ, ಕುದುರೆಯನ್ನು ಎಚ್ಚರಿಸಲಿ. ಆಮೇಲೆ ಬಲಗಾಲನ್ನು ಒಂದಂಗೈ ಅಗಲ ಹಿಂದಕ್ಕೆ ಸರಿಸಿ ಮುಟ್ಟಿಸಿ. ಕುದುರೆ ಮೇಲೆದ್ದ ಆ ಮೊದಲ ನೆಗೆತದಲ್ಲಿ ಎಡಗೈಯನ್ನು ಕೊಂಚ ಮುಂದಕ್ಕೆ ಬಿಟ್ಟುಕೊಡಿ. ಈ ಕೊನೆಯದನ್ನು ಬಹಳ ಸವಾರರು ಮರೆಯುತ್ತಾರೆ. ಕಾಲಿನಲ್ಲಿ ಹೋಗು ಎಂದು ಕೈಯಲ್ಲಿ ನಿಲ್ಲು ಎಂದರೆ ಎಡ ಮುಂಗಾಲಿಗೆ ಚಾಚಲು ಜಾಗವೇ ಇರುವುದಿಲ್ಲ.

ಇವೆಲ್ಲ ಸರಿಯಿದ್ದೂ ಗಳಿಗೆ ತಪ್ಪಿದರೆ ಲೀಡ್ ತಪ್ಪುತ್ತದೆ. ಬಲ ಹಿಂಗಾಲು ಆಗಲೇ ನೆಲದಲ್ಲಿ ಊರಿರುವಾಗ ಬಂದ ಸೂಚನೆ ತಡವಾಯಿತು; ಅದು ಗಾಳಿಯಲ್ಲಿ ಮುಂದಕ್ಕೆ ಬರುತ್ತಿರುವಾಗ ಬಂದರೆ, ಇಳಿಯುವ ಜಾಗ ಮತ್ತು ತಳ್ಳುವ ಬಲ ಎರಡನ್ನೂ ಕುದುರೆ ಬದಲಾಯಿಸಿಕೊಳ್ಳಬಲ್ಲದು. ಆ ಗಳಿಗೆಯನ್ನು ಹುಡುಕಲು ಹಿಂದೆ ತಿರುಗಿ ನೋಡಬೇಕಿಲ್ಲ. ಎಡಕ್ಕೆ ಸುತ್ತುತ್ತ ಸರಿಯಾದ ಡಯಾಗನಲ್‌ನಲ್ಲಿ ರೈಸಿಂಗ್ ಟ್ರಾಟ್ ಮಾಡುವಾಗ, ಬಲ ಹೆಗಲು ಮುಂದೆ ಹೋದಂತೆ ಏಳುತ್ತೀರಿ, ಹಿಂದೆ ಬಂದಂತೆ ಕೂರುತ್ತೀರಿ. ನೀವು ಕೂತಾಗ ಎಡ ಹಿಂಗಾಲು ಮತ್ತು ಬಲ ಮುಂಗಾಲು ನೆಲದ ಮೇಲಿರುತ್ತವೆ, ಬಲ ಹಿಂಗಾಲು ಗಾಳಿಯಲ್ಲಿ ಮುಂದೆ ಬರುತ್ತಿರುತ್ತದೆ. ಆದ್ದರಿಂದ ಕೂತ ತಾಳದಲ್ಲೇ ಬಲಗಾಲು ಮುಟ್ಟಿಸಿ. ಮೊದಮೊದಲು ಕ್ಯಾಂಟರ್ ಕೇಳದೆ, ಬರಿಯ ಟ್ರಾಟ್‌ನಲ್ಲಿ ಕೂರುವ ತಾಳಕ್ಕೆ ಸರಿಯಾಗಿ ಈಗ, ಈಗ ಎಂದು ಗಟ್ಟಿಯಾಗಿ ಹೇಳಿಕೊಂಡು ಹೋಗಿ. ನೆಲದಲ್ಲಿ ನಿಂತವರೊಬ್ಬರು ಬಲ ಹಿಂಗಾಲನ್ನು ನೋಡುತ್ತ ನಿಮ್ಮ ತಾಳ ಸರಿಯೋ ತಪ್ಪೋ ಹೇಳಲಿ. ಕೆಲವೇ ದಿನಗಳಲ್ಲಿ ಅದು ಲೆಕ್ಕ ಬಿಟ್ಟು ಮೈಗೆ ಹತ್ತುತ್ತದೆ. ಟ್ರಾಟ್‌ನ ಹೆಜ್ಜೆ ನೋಡಿ ಕ್ಯಾಂಟರ್‌ನ ಸೂಚನೆ ಕೊಡಬೇಕೆಂಬ ಮಾತು ಹೊಸದೂ ಅಲ್ಲ. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಗ್ರೀಸಿನ ಲೇಖಕ ಝೆನೊಫೋನ್ ಅದನ್ನು ಬರೆದಿಟ್ಟಿದ್ದಾನೆ.

ಎಲ್ಲಿ ಕೇಳಬೇಕು ಎಂಬುದೂ ಮುಖ್ಯ. 20 ಮೀಟರ್ ಅಗಲ, 40 ಮೀಟರ್ ಉದ್ದದ ಸಾಮಾನ್ಯ ಅರೀನಾ (ಸವಾರಿ ಅಂಗಳ) ನಿಮ್ಮಲ್ಲಿದ್ದರೆ, ನಿಮ್ಮ ಕುದುರೆಗೆ ನಾನು ಆರಿಸುವ ವ್ಯಾಯಾಮ ಇದು. ಎಡಕ್ಕೆ ಸುತ್ತುತ್ತ ಬಂದು, ಉದ್ದದ ಬದಿಯಿಂದ 5 ಮೀಟರ್ ಒಳಗೆ ನೇರ ಗೆರೆಯಲ್ಲಿ ಟ್ರಾಟ್ ಮಾಡಿ. ಅಲ್ಲಿಂದ ಎಡಗಾಲಿನ ಒತ್ತಡದಲ್ಲಿ ಕುದುರೆಯನ್ನು ಅಡ್ಡಹೆಜ್ಜೆಯಲ್ಲಿ ಬಲಬದಿಯ ಬೇಲಿಯತ್ತ ಸರಿಸುತ್ತ ಹೋಗಿ. ತಲೆ ಮಾತ್ರ ತುಸು ಎಡಕ್ಕಿರಲಿ. ಬೇಲಿ ತಲುಪುವ ಹೊತ್ತಿಗೆ ಮುಂದಿನ ಮೂಲೆ ಸಮೀಪಿಸಿರುತ್ತದೆ, ಎಡ ಹೆಗಲು ಹಗುರಾಗಿರುತ್ತದೆ, ಕುದುರೆಯ ಮೈ ಬಲ ಲಗಾಮಿಗೆ ಆತುಕೊಂಡಿರುತ್ತದೆ. ತರಬೇತುದಾರರು ತಲೆ ತಿರುಚಿ ಪಡೆಯಲು ಹೊರಟಿದ್ದ ಎಡ ಹೆಗಲಿನ ಹಗುರ ಇಲ್ಲಿ ತಿರುಚದೆಯೇ ದೊರೆಯುತ್ತದೆ, ಹಿಂಗಾಲೂ ಕೈಬಿಟ್ಟುಹೋಗುವುದಿಲ್ಲ. ಆ ಗಳಿಗೆಯಲ್ಲಿ ಕ್ಯಾಂಟರ್ ಕೇಳಿ. ಅಡ್ಡಹೆಜ್ಜೆ ಇನ್ನೂ ಬಾರದ ಕುದುರೆಗಾದರೆ ವೃತ್ತವನ್ನು 20ರಿಂದ 15 ಮೀಟರಿಗೆ ಇಳಿಸಿ, ಎಡಗಾಲಿನಿಂದ ಮತ್ತೆ 20ಕ್ಕೆ ಹಿಗ್ಗಿಸುತ್ತ, ಹೊರಗಿನ ಗೆರೆ ಮುಟ್ಟುವಾಗ ಕೇಳಬಹುದು. ಎರಡೂ ಫಲಿಸದಿದ್ದರೆ ವೃತ್ತದ ಗೆರೆಯ ಮೇಲೆ ನೆಲದಿಂದ 15 ಸೆಂಟಿಮೀಟರ್ ಎತ್ತರದಲ್ಲಿ ಒಂದು ದಂಡವಿಟ್ಟು, ಟ್ರಾಟ್‌ನಲ್ಲಿ ಅದನ್ನು ದಾಟುವಾಗ ಎಡಕ್ಕೆ ನೋಡುತ್ತ ಸೂಚನೆ ಕೊಡಿ. ದಂಡದ ಮೇಲೆ ಹಾರಿದ ಕುದುರೆ ತಾನು ತಿರುಗಬೇಕಾದ ದಿಕ್ಕಿನ ಲೀಡ್‌ನಲ್ಲಿ ಇಳಿಯಲು ಒಲವು ತೋರುತ್ತದೆ. ಹಾರುವ ಕುದುರೆಗಳಿಗೆ ಇದನ್ನೇ ಮೊದಲು ಮಾಡಿಸುವವರೂ ಇದ್ದಾರೆ. ರೇಸ್‌ನಿಂದ ಬಂದ ಬಿಸಿ ಸ್ವಭಾವದ ಕುದುರೆಗೆ ದಂಡವೇ ಇನ್ನೊಂದು ಉದ್ವೇಗವಾಗಬಹುದಾದ್ದರಿಂದ ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ತಪ್ಪು ಲೀಡ್ ಬಂದಾಗ ನೀವು ಏನು ಮಾಡುತ್ತೀರಿ ಎಂಬುದರ ಮೇಲೆ ಇಡೀ ಪಾಠ ನಿಂತಿದೆ. ಕುದುರೆ ಬಲ ಲೀಡ್ ಹಿಡಿದರೂ, ಕ್ಯಾಂಟರ್ ಮಾಡು ಎಂಬ ನಿಮ್ಮ ಕೋರಿಕೆಯ ಅರ್ಧವನ್ನು ಅದು ಪಾಲಿಸಿದೆ. ಆಗ ಹೊಡೆದರೆ ಕ್ಯಾಂಟರ್ ಮಾಡಿದ್ದೇ ತಪ್ಪೆಂದು ಅದಕ್ಕೆ ಅರ್ಥವಾಗುತ್ತದೆ. ಮೂರು ನಾಲ್ಕು ನೆಗೆತದೊಳಗೆ ಮೆಲ್ಲಗೆ ಟ್ರಾಟ್‌ಗೆ ಇಳಿಸಿ, ಟ್ರಾಟ್ ಸಮವಾಗುವವರೆಗೆ ಅರ್ಧ ವೃತ್ತವೋ ಒಂದು ವೃತ್ತವೋ ಕಾದು, ಮತ್ತೆ ಕೇಳಿ. ಇಳಿಸಿದ ಕೂಡಲೇ ಆತುರದಲ್ಲಿ ಕೇಳಿದರೆ ಅದೇ ತಪ್ಪು ಮರುಕಳಿಸುತ್ತದೆ. ಮುಂದೊಂದು ಹಿಂದೊಂದು ಲೀಡ್ ಆದರೆ ಒಂದು ನೆಗೆತವೂ ಕಾಯದೆ ಇಳಿಸಿ, ಏಕೆಂದರೆ ಆ ಓಟದಲ್ಲಿ ಕಾಲಿಗೆ ಕಾಲು ತಗುಲುವ ಅಪಾಯವಿದೆ. ಸರಿಯಾದ ಲೀಡ್ ಬಂದಾಗ ಧ್ವನಿಯಲ್ಲಿ ಮೆಚ್ಚುಗೆ ತೋರಿ, ಅರ್ಧ ವೃತ್ತದಷ್ಟು ಓಡಿಸಿ, ಅದು ತಾನಾಗಿ ಮುರಿಯುವ ಮೊದಲೇ ನೀವಾಗಿ ಟ್ರಾಟ್‌ಗೆ ತಂದು, ಲಗಾಮು ಸಡಿಲಿಸಿ ವಾಕ್ ಕೊಡಿ. ಒಂದು ದಿನದಲ್ಲಿ ಎರಡು ಮೂರು ಒಳ್ಳೆಯ ಎಡ ಲೀಡ್ ಸಿಕ್ಕಿದರೆ ಆ ದಿನದ ಎಡ ಕ್ಯಾಂಟರ್ ಮುಗಿಯಿತು. ಇನ್ನೊಂದು ನೋಡೋಣ ಎಂಬ ಆಸೆಯನ್ನು ತಡೆದುಕೊಳ್ಳುವುದು ಕಷ್ಟ. ಆದರೆ ದಣಿದ ಬಲ ಹಿಂಗಾಲು ಮುಂದಿನ ಸಲ ಖಂಡಿತವಾಗಿ ತಪ್ಪು ಉತ್ತರ ಕೊಡುತ್ತದೆ, ಮತ್ತು ಕುದುರೆ ಲಾಯಕ್ಕೆ ಹೋಗುವಾಗ ನೆನಪಿಟ್ಟುಕೊಳ್ಳುವುದು ಕೊನೆಯಲ್ಲಿ ನಡೆದದ್ದನ್ನು.

ಎಡ ಲೀಡ್ ಬಂದಿತೋ ಇಲ್ಲವೋ ನೋಡಲು ಮುಂದೆ ಬಾಗಿ ಎಡ ಹೆಗಲನ್ನು ಇಣುಕುವ ಅಭ್ಯಾಸ ನಿಮಗಿದ್ದರೆ ಅದನ್ನು ಇಂದೇ ಬಿಡಬೇಕು. ನೀವು ಎಡಕ್ಕೆ ಬಾಗಿದ ಕ್ಷಣ, ಹಗುರಾಗಿರಬೇಕಾದ ಎಡ ಹೆಗಲಿನ ಮೇಲೆಯೇ ನಿಮ್ಮ ಭಾರ ಬೀಳುತ್ತದೆ. ಕುದುರೆ ಲೀಡ್ ಬದಲಿಸಲು ಅಷ್ಟೇ ಸಾಕು. ಎಡ ಲೀಡ್‌ನಲ್ಲಿ ನಿಮ್ಮ ಎಡ ಸೊಂಟವೂ ಎಡ ಮಂಡಿಯೂ ಬಲದ್ದಕ್ಕಿಂತ ತುಸು ಮುಂದಕ್ಕೆ ಒಯ್ದಂತೆ ತೋರುತ್ತದೆ. ಸಂಶಯವಿದ್ದರೆ ತಲೆ ಬಗ್ಗಿಸದೆ ಕಣ್ಣನ್ನಷ್ಟೇ ಕೆಳಗಿಳಿಸಿ ಎರಡು ಹೆಗಲಲ್ಲಿ ಯಾವುದು ಮುಂದೆ ಹೋಗುತ್ತಿದೆ ನೋಡಿ. ಇದರ ಜೊತೆಗೆ ಎರಡೂ ರಿಕಾಪಿನ ಪಟ್ಟಿಗಳನ್ನು ಜೀನಿನಿಂದ ಬಿಚ್ಚಿ ಅಕ್ಕಪಕ್ಕ ಹಿಡಿದು ಉದ್ದ ಹೋಲಿಸಿ. ಯಾವಾಗಲೂ ಎಡಗಡೆಯಿಂದಲೇ ಹತ್ತುವುದರಿಂದ ಎಡ ಪಟ್ಟಿ ಎಳೆದು ಉದ್ದವಾಗಿರುತ್ತದೆ, ಸವಾರ ತನಗೆ ತಿಳಿಯದೆಯೇ ಓರೆಯಾಗಿ ಕೂರುತ್ತಾನೆ. ಹಿಂದಿನಿಂದ ತೆಗೆದ ವಿಡಿಯೊ ಒಂದಿದ್ದರೆ ಈ ಓರೆ ಸ್ಪಷ್ಟವಾಗಿ ಕಾಣುತ್ತದೆ.

ವಾರದಲ್ಲಿ 4 ದಿನ ಇಂಥ ಕೆಲಸ, ಒಂದೆರಡು ದಿನ ಹೊಲದ ಹಾದಿಯಲ್ಲಿ ಸುಮ್ಮನೆ ವಾಕ್, ಉಳಿದ ದಿನ ಬಿಡುವು ಎಂದಿಟ್ಟುಕೊಂಡರೆ, ನೋವಿಲ್ಲದ ಕುದುರೆಯೊಂದು ಕೆಲವು ವಾರಗಳಲ್ಲಿ ಎಡ ಲೀಡನ್ನು ಹೆಚ್ಚಿನ ಸಲ ಸರಿಯಾಗಿ ಹಿಡಿಯುತ್ತದೆ. ಅದನ್ನು ಇಡೀ ವೃತ್ತ ಹೊತ್ತು ಸಾಗುವ ಬಲ ಬರಲು ತಿಂಗಳುಗಳು ಬೇಕು. ಎಡವೇ ದುರ್ಬಲವೆಂದು ಎಡವನ್ನೇ ದುಡಿಸಬೇಡಿ. ಬಲಕ್ಕೂ ಅಷ್ಟೇ ಕೆಲಸವಿರಲಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲೇರುವ ಮೊದಲೇ ಮುಗಿಸಿ. ಮಳೆಗಾಲದಲ್ಲಿ ಮಣ್ಣಿನ ಅರೀನಾ ಜಾರುತ್ತಿದ್ದರೆ ಕ್ಯಾಂಟರನ್ನು ಕೈಬಿಟ್ಟು ವಾಕ್‌ನ ಅಡ್ಡಹೆಜ್ಜೆಗಳನ್ನೇ ಮಾಡಿಸಿ. ಎಡ ತಿರುವಿನಲ್ಲಿ ಒಮ್ಮೆ ಜಾರಿದ ಕುದುರೆಗೆ ಬಲ ಹಿಂಗಾಲಿನ ಮೇಲೆ ನಂಬಿಕೆ ಮರಳಲು ಬಹಳ ಕಾಲ ಹಿಡಿಯುತ್ತದೆ.

ಓಡುತ್ತಲೇ ಲೀಡ್ ಬದಲಿಸುವ ಫ್ಲೈಯಿಂಗ್ ಚೇಂಜ್ ನಿಮ್ಮ ಕುದುರೆಗೆ ಟ್ರ್ಯಾಕ್‌ನಿಂದಲೇ ಬಂದಿರುವುದರಿಂದ ಅದನ್ನು ಬಳಸಿಕೊಳ್ಳುವ ಆಸೆ ಬರಬಹುದು. ಈಗ ಬೇಡ. ತಪ್ಪು ಲೀಡ್ ಹಿಡಿದ ಕುದುರೆಯನ್ನು ಓಡುತ್ತಲೇ ಬದಲಿಸುವಂತೆ ದೂಡಿದರೆ ಅದು ಮುಂಗಾಲಿನಲ್ಲಿ ಬದಲಿಸಿ ಹಿಂಗಾಲನ್ನು ಹಾಗೆಯೇ ಬಿಡುತ್ತದೆ, ನೀವು ಹೇಳಿದ ಹೊಯ್ದಾಟ ಖಾಯಂ ಆಗುತ್ತದೆ. ಡ್ರೆಸಾಜ್ ಎಂಬ ಸವಾರಿ ಸ್ಪರ್ಧೆಯ ಪ್ರಿ ಸೇಂಟ್ ಜಾರ್ಜ್ ಪರೀಕ್ಷೆಯಲ್ಲಿ ಪ್ರತಿ 4ನೇ ನೆಗೆತಕ್ಕೆ, ಬಳಿಕ ಪ್ರತಿ 3ನೇ ನೆಗೆತಕ್ಕೆ ಲೀಡ್ ಬದಲಿಸುವ ಕುದುರೆಗಳೂ ವರ್ಷಗಟ್ಟಲೆ ಟ್ರಾಟ್‌ನಿಂದ, ವಾಕ್‌ನಿಂದ ಒಂದೊಂದೇ ಲೀಡನ್ನು ನೇರವಾಗಿ ಹಿಡಿಯಲು ಕಲಿತ ಮೇಲೆಯೇ ಅಲ್ಲಿಗೆ ಬಂದಿರುತ್ತವೆ. ಅವು ಕೌಂಟರ್ ಕ್ಯಾಂಟರನ್ನೂ ಕಲಿತಿರುತ್ತವೆ, ಅಂದರೆ ಎಡಕ್ಕೆ ತಿರುಗುತ್ತ ಬಲ ಲೀಡನ್ನೇ ಸಮತೋಲನದಲ್ಲಿ ಕಾಯ್ದುಕೊಳ್ಳುವುದು. ನಿಮ್ಮ ಕುದುರೆ ಇಂದು ಕೇಳದೆಯೇ ಮಾಡುತ್ತಿರುವುದನ್ನು ಮುಂದೊಂದು ದಿನ ನೀವೇ ಕೇಳಿ ಮಾಡಿಸುವಿರಿ. ಇಂದು ಅದನ್ನು ಶಿಕ್ಷಿಸಬಾರದೆನ್ನಲು ಇದೂ ಒಂದು ಕಾರಣ.

ಈ ಕ್ರಮವನ್ನು ಬಿಡದೆ ಪಾಲಿಸಿದ 6 ವಾರಗಳ ನಂತರವೂ ಲಂಜ್ ಹಗ್ಗದ ಮೇಲೆ, ಸವಾರನಿಲ್ಲದೆ, ದೊಡ್ಡ ವೃತ್ತದಲ್ಲಿ ಎಡ ಲೀಡ್ ಬಾರದಿದ್ದರೆ ಪಾಠ ಮುಂದುವರಿಸಬೇಡಿ. ಮೊದಲ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ವೈದ್ಯರನ್ನು ಮತ್ತೆ ಕರೆಸಿ, ಆ ದಿನದಿಂದ ಈ ದಿನದವರೆಗಿನ ವಿಡಿಯೊಗಳನ್ನು ಅವರ ಮುಂದಿಟ್ಟು, ಬಲ ಹಿಂಗಾಲು ಮತ್ತು ಸೊಂಟವನ್ನೇ ಗುರಿಯಾಗಿಸಿ ಎಕ್ಸ್‌ರೇ, ಅಲ್ಟ್ರಾಸೌಂಡ್ ಅಗತ್ಯವೇ ಎಂದು ಕೇಳಿ.